ಅಮ್ಮ ಯಾರ ಮನೆಯ ಲೆಕ್ಕ?

ಲಿಫ್ಟಣ್ಣನ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂಬ ಸರಳ ಪ್ರಶ್ನೆಗೆ ಉತ್ತರ ಕಂಡುಹಿಡಿಯಲು ಆಹಾರ ನೆರವು ಕಚೇರಿಗೆ ಹದಿನೇಳು ದಿನ, ಮೂರು ಫಾರಂ ಮತ್ತು ಎರಡು ಬಟ್ಟಲು ಸೂಪು ಬೇಕಾಯಿತು. ಇದರಲ್ಲಿ ಕಚೇರಿಯ ತಪ್ಪು ಏನೂ ಇರಲಿಲ್ಲ. ತಪ್ಪೆಲ್ಲ ಲಿಫ್ಟಣ್ಣನ ಅಭಿಮಾನದ್ದು. ಆ ಮೂರನೇ ಮಹಡಿಯ ಇಕ್ಕಟ್ಟಿನ ಮನೆಯಲ್ಲಿ ಅದಕ್ಕೊಂದು ಬೇರೆ ಕೋಣೆಯೇ ಬೇಕಾಗುತ್ತಿತ್ತು.

ಲಿಫ್ಟಣ್ಣ ಹತ್ತೊಂಬತ್ತು ವರ್ಷ ಎಂಟು ಮಹಡಿಯ ವಿಮಾ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿದವನು. ಹಿತ್ತಾಳೆ ಗುಂಡಿಯ ಕಂದು ಕೋಟು ಹಾಕಿಕೊಂಡು, ಜಾಲರಿ ಬಾಗಿಲನ್ನು ಸದ್ದಾಗದಂತೆ ಎಳೆದು, ಹಿಡಿಕೆಯನ್ನು ತಿರುಗಿಸಿ, ನೆಲಕ್ಕೂ ಪೆಟ್ಟಿಗೆಗೂ ಕೂದಲೆಳೆಯಷ್ಟೂ ಏರುಪೇರು ಇಲ್ಲದ ಹಾಗೆ ನಿಲ್ಲಿಸುತ್ತಿದ್ದ. "ಈಗ ಎಂಟನೇ ಮಹಡೀಲಿ ಕೂತಿರೋ ಸಾಹೇಬರನ್ನೆಲ್ಲ ಮೇಲಕ್ಕೆ ತಂದೋನು ನಾನೇ" ಎನ್ನುತ್ತಿದ್ದ. ಸಾಹೇಬರು ಅದನ್ನು ತಮ್ಮ ಸ್ವಂತ ಪ್ರತಿಭೆ ಎಂದುಕೊಂಡಿದ್ದರು. ನಾಲ್ಕು ತಿಂಗಳ ಹಿಂದೆ ಕಟ್ಟಡಕ್ಕೆ ಗುಂಡಿ ಒತ್ತುವ ಹೊಸ ಲಿಫ್ಟ್ ಬಂತು. ಬೆರಳಿದ್ದವರೆಲ್ಲ ಆಪರೇಟರುಗಳಾದರು. ಲಿಫ್ಟಣ್ಣನ ಕೈ ಕುಲುಕಿ, ಕೋಟನ್ನು ಅವನಿಗೇ ಬಿಟ್ಟುಕೊಟ್ಟು, ಮನೆಗೆ ಕಳಿಸಿದರು.

ಕೆಲಸ ಹೋದರೂ ಹೊತ್ತುಹೊತ್ತಿಗೆ ಊಟ ಬರುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಲಿಫ್ಟಣ್ಣ ಯೋಚಿಸಲಿಲ್ಲ. ಹೆಂಡತಿ ದಿಂಬಿನ ಕವರು ಹೊಲಿಯುತ್ತಾಳೆ, ಮನೆ ನಡೆಸುವುದು ಅವಳಿಗೆ ಚೆನ್ನಾಗಿ ಗೊತ್ತು ಎಂದು ಬೀದಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ. ಒಂದು ಬೆಳಿಗ್ಗೆ ಅವಳೇ ಬಂದು ಮುಂದೆ ನಿಂತಳು.

"ಇನ್ನು ಹದಿನೈದು ದಿನ ಹೇಗೋ ಎಳೀಬಹುದು. ಆಮೇಲೆ ಆಗಲ್ಲ. ಆಹಾರ ನೆರವಿಗೆ ಅರ್ಜಿ ಹಾಕೋಣ. ನಾನೂ ಬರ್ತೀನಿ."

"ನೀನ್ಯಾಕೆ? ಮನೆ ಯಜಮಾನ ನಾನು."

"ಎಷ್ಟು ಜನ ಅಂತ ಕೇಳಿದ್ರೆ ಸ್ವಲ್ಪ ಯೋಚನೆ ಮಾಡಿ ಹೇಳಿ."

"ನಮ್ಮನೆ ಜನಾನ ಎಣಿಸೋದಕ್ಕೂ ಯೋಚನೆ ಬೇಕೇನೇ?" ಎಂದು ನಕ್ಕು, ಕೋಟು ತೊಟ್ಟು ಹೊರಟೇಬಿಟ್ಟ.

ಬೇಕಾಗಿತ್ತು. ಯಾಕೆಂದರೆ ಆ ಮನೆಯ ಮುಂಬಾಗಿಲು ಒಂದೇ ಆದರೂ ಒಳಗೆ ಎರಡು ಸಂಸಾರಗಳಿದ್ದವು. ಎಡಗಡೆ ಲಿಫ್ಟಣ್ಣ, ಅವನ ಹೆಂಡತಿ, ಹದಿನೈದು ವರ್ಷದ ಮಗಳು. ಬಲಗಡೆ ಅವನ ಅಣ್ಣ ಮತ್ತು ಅತ್ತಿಗೆ. ಅಣ್ಣ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಬೀದಿಯಲ್ಲಿ ಅವನಿಗೆ ಕನ್ನಡಕದಣ್ಣ ಎಂದೇ ಹೆಸರು. ಹನ್ನೊಂದು ವರ್ಷದ ಹಿಂದೆ ನೆಂಟರೆಲ್ಲ ಸೇರಿದ್ದಾಗ ಅವನು ಒಂದು ತಮಾಷೆ ಮಾಡಿದ: "ನನ್ನ ತಮ್ಮ ದಿನಕ್ಕೆ ನೂರು ಸಲ ಮೇಲಕ್ಕೆ ಹೋಗ್ತಾನೆ. ಆದ್ರೆ ಒಂದು ಸಲಾನೂ ಮುಂದಕ್ಕೆ ಬಂದಿಲ್ಲ." ನೆಂಟರು ನಕ್ಕರು. ಲಿಫ್ಟಣ್ಣ ತಟ್ಟನೆ, "ನಮ್ಮಣ್ಣ ಊರಿಗೆಲ್ಲ ಕಣ್ಣು ಕೊಡ್ತಾನೆ. ಅವನಿಗೆ ಮಾತ್ರ ಏನೂ ಕಾಣಲ್ಲ" ಎಂದ. ನೆಂಟರು ಇನ್ನೂ ಜೋರಾಗಿ ನಕ್ಕರು. ಅವರು ನಕ್ಕು ಮನೆಗೆ ಹೋದರು; ಮರುದಿನ ನಡುಮನೆಗೆ ಪ್ಲೈವುಡ್ ಗೋಡೆ ಬಂತು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ಅಡುಗೆಮನೆಯನ್ನು ಸೀಳಲಾಗಲಿಲ್ಲ. ನಲ್ಲಿ ಒಂದೇ, ಹೊಗೆ ಹೋಗುವ ಕಿಂಡಿ ಒಂದೇ. ಹಾಗಾಗಿ ಅಲ್ಲಿ ನೆಲದ ಮೇಲೆ ನೀಲಿ ಬಣ್ಣದ ಗೆರೆಯೊಂದನ್ನು ಎಳೆದು, ಆಚೆಗೊಂದು ಒಲೆ, ಈಚೆಗೊಂದು ಒಲೆ ಇಟ್ಟರು. ಗೆರೆ ಎಳೆದು ಹೊರಗೆ ಬಂದ ಗಂಡಸರಿಬ್ಬರೂ ಮತ್ತೆ ಅಡುಗೆಮನೆಗೆ ಕಾಲಿಡಲಿಲ್ಲ.

ಉಳಿದದ್ದು ಅಮ್ಮ. ಅವಳನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ. ಎಂಬತ್ತರ ಹತ್ತಿರದ ಆಕೆ ಪ್ಲೈವುಡ್ ಮುಗಿಯುವ ಜಾಗದಲ್ಲೇ ಮಂಚ ಹಾಕಿಸಿಕೊಂಡು, ತಲೆಯನ್ನು ಹಿರಿಮಗನ ಮನೆಯಲ್ಲೂ ಕಾಲನ್ನು ಕಿರಿಮಗನ ಮನೆಯಲ್ಲೂ ಇಟ್ಟು ಹನ್ನೊಂದು ವರ್ಷದಿಂದ ಸುಖವಾಗಿ ನಿದ್ದೆ ಮಾಡುತ್ತಿದ್ದಳು.

ಕಚೇರಿಯಲ್ಲಿ ಗುಮಾಸ್ತ ಕಂಪ್ಯೂಟರಿನ ಮೇಲಿಂದ ತಲೆ ಎತ್ತದೆ ಕೇಳಿದ: "ಒಟ್ಟಿಗೆ ಸಾಮಾನು ಕೊಂಡು, ಒಟ್ಟಿಗೆ ಅಡುಗೆ ಮಾಡ್ಕೊಂಡು ಇರೋರು ಎಷ್ಟು ಜನ?"

"ನಾಲ್ಕು. ನಾನು, ನನ್ನ ಹೆಂಡತಿ, ಮಗಳು, ನಮ್ಮಮ್ಮ."

ಗುಮಾಸ್ತ ಹೆಸರುಗಳನ್ನು ಕುಟ್ಟಿದ. ಆಮೇಲೆ ಮೊದಲ ಸಲ ತಲೆ ಎತ್ತಿದ. "ನಿಮ್ಮಮ್ಮ ಬೇರೆ ಅರ್ಜೀಲೂ ಇದಾರಲ್ರೀ. ಇದೇ ವಿಳಾಸ, ಇದೇ ಮಹಡಿ, ಇದೇ ಬಾಗಿಲು. ಎರಡು ವರ್ಷದ ಹಿಂದೆ ನಿಮ್ಮಣ್ಣ ಹಾಕಿದ್ದು. ಅವರು, ಅವರ ಹೆಂಡತಿ, ತಾಯಿ, ಒಟ್ಟು ಮೂರು ಜನ."

"ನಮ್ಮಣ್ಣ ಅರ್ಜಿ ಹಾಕಿದ್ನಾ!" ಲಿಫ್ಟಣ್ಣನ ಮುಖ ಅರಳಿತು. "ಅವನ ಕಣ್ಣು ಆಪರೇಷನ್ ಆಗಿದ್ದಾಗ ಇರ್ಬೇಕು. ಎಂಟು ತಿಂಗಳು ಮನೇಲೇ ಕೂತಿದ್ದ. ಏನಾಯ್ತು ಅದು?"

"ಅವರೇ ವಾಪಸ್ ತಗೊಂಡಿದಾರೆ. 'ಅಗತ್ಯ ಬೀಳಲಿಲ್ಲ' ಅಂತ ಬರ್ದಿದಾರೆ. ಅದಿರ್ಲಿ, ಒಬ್ಬರು ಎರಡು ಕುಟುಂಬದಲ್ಲಿ ಇರೋಕಾಗಲ್ಲ. ನಿಮ್ಮಮ್ಮ ಯಾರ ಕಡೆ?"

"ನನ್ನ ಕಡೆ."

"ಮಲಗೋದು ಎಲ್ಲಿ?"

ಲಿಫ್ಟಣ್ಣ ಸುಳ್ಳು ಹೇಳುವವನಲ್ಲ. ಮಂಚದ ವಿಷಯವನ್ನು ಇದ್ದದ್ದು ಇದ್ದ ಹಾಗೆ ವಿವರಿಸಿದ. ಗುಮಾಸ್ತ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಲ್ಲಿ ಅರ್ಧ ಅನ್ನೋ ಕಾಲಮ್ ಇಲ್ಲ" ಎಂದ.

ಅಷ್ಟರಲ್ಲಿ ಹಿಂದಿನ ಸಾಲಿಗೆ ಕಿವಿ ಬಂದಿತ್ತು. ಮೈಯೆಲ್ಲ ಸುಣ್ಣ ಮೆತ್ತಿಕೊಂಡಿದ್ದ ಪೇಂಟರೊಬ್ಬ ಮುಂದೆ ಬಾಗಿ, "ಇದರಲ್ಲಿ ಯೋಚನೆ ಮಾಡೋದೇನಿದೆ? ಊಟ ಮಾಡೋದು ಬಾಯಲ್ಲಿ. ಬಾಯಿ ತಲೇಲಿದೆ. ತಲೆ ಅಣ್ಣನ ಕಡೆ ಇದೆ. ಅಮ್ಮ ಅಣ್ಣಂದು" ಎಂದು ತೀರ್ಪು ಕೊಟ್ಟ.

"ಊಟ ಬಾಯಲ್ಲೇ ಉಳಿಯುತ್ತಾ?" ಅವನ ಹಿಂದಿದ್ದ ಮುದುಕಿ ಬಿಡಲಿಲ್ಲ. "ಹೊಟ್ಟೆಗೆ ಹೋಗಬೇಕಲ್ವಾ? ಹೊಟ್ಟೆ ಎಲ್ಲಿ ಬರುತ್ತೆ ಅಂತ ಕೇಳಿ ಮೊದಲು."

"ಹೊಟ್ಟೆ... ಸರಿಯಾಗಿ ಗೋಡೆ ನೇರಕ್ಕೆ ಬರುತ್ತೆ" ಎಂದು ಲಿಫ್ಟಣ್ಣ ಒಪ್ಪಿಕೊಂಡ.

ಸಾಲು ಎರಡು ಪಕ್ಷವಾಯಿತು. ಗದ್ದಲ ಜಾಸ್ತಿಯಾದಾಗ ಗುಮಾಸ್ತ ಎರಡನೇ ಫಾರಮ್ಮನ್ನು ಮುಂದಕ್ಕೆ ತಳ್ಳಿದ. "ನೀವು ನಿಮ್ಮಣ್ಣ ಬೇರೆ ಬೇರೆ ಅಂತ ಇದರಲ್ಲಿ ಬರ್ದು ಸಹಿ ಹಾಕಿ. ತನಿಖಾಧಿಕಾರಿ ಮನೆಗೆ ಬಂದು ನೋಡ್ತಾರೆ. ಬರ್ದಿದ್ದು ಸುಳ್ಳು ಅಂತಾದ್ರೆ ಅರ್ಜಿ ವಜಾ. ಒಂದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ."

ಲಿಫ್ಟಣ್ಣ ಪೆನ್ನು ತೆಗೆದುಕೊಂಡ. ಸುಮ್ಮನೆ 'ಬೇರೆ' ಎಂದು ಬರೆದಿದ್ದರೆ ಸಾಕಿತ್ತು. ಆದರೆ ಇಂಥ ಅವಕಾಶ ಹನ್ನೊಂದು ವರ್ಷದಲ್ಲಿ ಒಮ್ಮೆ ಬರುವುದು. "ಸದರಿ ವ್ಯಕ್ತಿಯ ಮನೆಯ ಒಂದು ಬೆಂಕಿಕಡ್ಡಿಯನ್ನೂ ನಾನು ಹನ್ನೊಂದು ವರ್ಷಗಳಿಂದ ಮುಟ್ಟಿರುವುದಿಲ್ಲ. ಸದರಿ ಮನೆಯ ಅಡುಗೆಯ ವಾಸನೆಯೂ ನನಗೆ ಆಗಿಬರುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆಯೇ ಕುಸಿದು ಕೂತಳು.

"ಬರ್ದುಕೊಟ್ರಾ? ಸಹಿ ಹಾಕಿ?"

"ಸಹಿ ಹಾಕಿ. ಅಧಿಕಾರಿ ಬರ್ಲಿ, ಅಡುಗೆಮನೆ ತೋರಿಸ್ತೀನಿ. ಗೆರೆ ಇದೆ, ಒಲೆ ಎರಡಿದೆ."

ಅವಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಗುಸುಗುಸು ಕೇಳಿಸಿತು. ಪಾಪ, ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಾಳೆ ಎಂದು ಲಿಫ್ಟಣ್ಣ ಮರುಗಿದ.

ಸುದ್ದಿ ಗೋಡೆಯ ಆಚೆಗೂ ಹೋಯಿತು. ಸಂಜೆ ಕನ್ನಡಕದಣ್ಣ ಪ್ಲೈವುಡ್ಡಿನ ಅಂಚಿಗೆ ಬಂದು ನಿಂತು, ತಮ್ಮನ ಮಗಳನ್ನು ಕರೆದ. ಇಂಥ ಸಂದರ್ಭಗಳಲ್ಲಿ ಅವಳೇ ಅಂಚೆ.

"ನಿಮ್ಮಪ್ಪನಿಗೆ ಹೇಳಮ್ಮ, ಅಮ್ಮ ನನ್ನ ಲೆಕ್ಕ ಅಂತ. ನಿನ್ನೆ ಕೂಡ ನಮ್ಮ ಕಡೆ ಊಟಾನೇ ಮಾಡಿದ್ದು."

"ನಿನ್ನ ದೊಡ್ಡಪ್ಪನಿಗೆ ಹೇಳು, ಅವರ ಕಡೆ ಊಟ ಮಾಡಿದ್ರೆ ಅಮ್ಮ ಇಷ್ಟು ಗಟ್ಟಿಯಾಗಿ ಇರ್ತಿರ್ಲಿಲ್ಲ ಅಂತ."

"ಇಬ್ಬರೂ ನನಗೆ ಹೇಳೋ ಹಾಗೆ ಮಾತಾಡ್ತಿದೀರಿ. ಇಬ್ಬರಿಗೂ ಕೇಳಿಸ್ತಿದೆ. ನಾನು ಓದ್ಕೋಬೇಕು" ಎಂದು ಹುಡುಗಿ ಪುಸ್ತಕ ಎತ್ತಿಕೊಂಡು ಹೋದಳು.

ಮಂಚದ ಮೇಲಿಂದ ಅಮ್ಮ, "ನನ್ನನ್ನ ಯಾರಾದ್ರೂ ಕೇಳ್ತೀರಾ?" ಎಂದಳು. ಅವಳನ್ನು ಯಾರೂ ಕೇಳಲಿಲ್ಲ.

ಹನ್ನೆರಡನೇ ದಿನ ತನಿಖಾಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು; ಸವೆದ ಬೂಟು, ಕಂಕುಳಲ್ಲಿ ಇಟ್ಟಿಗೆಯಷ್ಟು ದಪ್ಪದ ಫೈಲು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅವರ ಹಿಂದೆಯೇ ಕೆಳಮನೆಯ ಟೈಲರಮ್ಮ, ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ಬಾಗಿಲಲ್ಲಿ ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ಇಂಥದ್ದಕ್ಕೆ ಕರೆಯಬೇಕಾದ ಅಗತ್ಯವೂ ಇರುವುದಿಲ್ಲ.

ಲಿಫ್ಟಣ್ಣ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈ ಚಾಚಿ, "ದಯವಿಟ್ಟು ಒಳಗೆ ಬನ್ನಿ. ಎಡಗಡೆ ನಮ್ಮ ಮನೆ" ಎಂದ. ಬಲಗಡೆಯಿಂದ ಕನ್ನಡಕದಣ್ಣ, "ಬಲಗಡೆ ನಮ್ಮನೆ" ಎಂದ. ಅಧಿಕಾರಿ ನಡುವೆ ಮಲಗಿದ್ದ ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಂದರೆ ಒಂದು ಮನೆಯಿಂದ ಇನ್ನೊಂದು ಮನೆಯವರೆಗೆ ನೋಡಿ, "ಅಡುಗೆಮನೆ ತೋರಿಸಿ" ಎಂದರು.

ಹನ್ನೊಂದು ವರ್ಷಗಳ ನಂತರ ಅಣ್ಣತಮ್ಮಂದಿರು ಅಡುಗೆಮನೆಯ ಹೊಸ್ತಿಲಿಗೆ ಬಂದರು. ನೀಲಿ ಗೆರೆ ಅಲ್ಲಿರಲಿಲ್ಲ. ಹೆಜ್ಜೆಗಳು ಅದನ್ನು ಯಾವಾಗಲೋ ಉಜ್ಜಿ ಅಳಿಸಿದ್ದವು. ಅಧಿಕಾರಿ ಎಡಗಡೆಯ ಒಲೆಯ ಗುಂಡಿ ತಿರುಗಿಸಿದರು. ಬೆಂಕಿಯೂ ಬರಲಿಲ್ಲ, ಸದ್ದೂ ಬರಲಿಲ್ಲ. ಅದರ ಕೆಳಗಿನ ಪೆಟ್ಟಿಗೆಯ ಬಾಗಿಲು ತೆರೆದರು. ಒಳಗೆ ಹೊಲಿದು ಮಡಿಸಿಟ್ಟ ದಿಂಬಿನ ಕವರುಗಳು, ನಾಲ್ಕು ಉಂಡೆ ದಾರ, ಒಂದು ಕತ್ತರಿ ಇದ್ದವು.

"ಇದು ನಿಮ್ಮ ಒಲೇನಾ?"

"ಹೌದು" ಎಂದ ಲಿಫ್ಟಣ್ಣ. ಅವನ ಧ್ವನಿ ಅರ್ಧ ಮಹಡಿ ಕೆಳಗಿಳಿದಿತ್ತು. "ಇವತ್ತು... ಅದಕ್ಕೆ ರಜೆ ಇರ್ಬೇಕು."

ಬಾಗಿಲಲ್ಲಿ ಟೈಲರಮ್ಮ ಕೆಮ್ಮಿದಳು. ಬಲಗಡೆಯ ಒಲೆಯ ಮೇಲೆ ಮಾತ್ರ ಒಂದು ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಸೂಪು ಕೊತಕೊತ ಕುದಿಯುತ್ತಿತ್ತು. ಹೆಂಗಸರಿಬ್ಬರೂ ಗೋಡೆಗೊರಗಿ ನೆಲ ನೋಡುತ್ತಿದ್ದರು.

"ಮೇಡಂ, ಒಲೆ ನೋಡಿ ತೀರ್ಮಾನ ಮಾಡ್ಬೇಡಿ" ಎಂದು ಲಿಫ್ಟಣ್ಣ ಸಾವರಿಸಿಕೊಂಡ. "ರುಚಿ ನೋಡಿ. ನನ್ನ ಹೆಂಡತಿ ಕೈರುಚಿ ಕಣ್ಣು ಕಟ್ಟಿದ್ರೂ ಗುರುತು ಹಿಡೀತೀನಿ."

ತಮ್ಮನ ಮಾತನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಣ್ಣ ಅನುಮೋದಿಸಿದ. "ಅದು ಸರಿ. ನಮ್ಮ ಮನೆ ಸೂಪಿಗೂ ಅದಕ್ಕೂ ಸಂಬಂಧಾನೇ ಇಲ್ಲ."

"ಹಾಗೇ ಆಗ್ಲಿ" ಎಂದಳು ಅಮ್ಮ ಮಂಚದಿಂದ. "ನೀವಿಬ್ಬರೂ ಹೊರಗೆ ಬಂದು ಕೂತ್ಕೊಳ್ಳಿ. ಅಧಿಕಾರಿ ಅಮ್ಮ ಒಳಗಿದ್ದು ನೋಡ್ಲಿ. ಬಿಳಿ ಬಟ್ಟಲು ಕಿರಿಸೊಸೇದು, ಹಸಿರು ಬಟ್ಟಲು ಹಿರಿಸೊಸೇದು. ತನ್ನಿ."

ಎರಡು ಬಟ್ಟಲು ಬಂದವು. ಲಿಫ್ಟಣ್ಣ ಬಿಳಿ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಇದು! ಇದು ನಮ್ಮನೇದು. ಹದವಾದ ಮೆಣಸು, ಬೆಣ್ಣೆ ಹಾಗೆ ಕರಗೋ ಆಲೂಗಡ್ಡೆ. ಹತ್ತೊಂಬತ್ತು ವರ್ಷ ನಿಂತು ಕೆಲಸ ಮಾಡೋ ಶಕ್ತಿ ಬಂದಿದ್ದು ಇದರಿಂದಾನೇ." ಆಮೇಲೆ ಹಸಿರು ಬಟ್ಟಲಿನದನ್ನು ನಾಲಿಗೆಯ ತುದಿಗೆ ತಾಗಿಸಿ ಮುಖ ಕಿವುಚಿದ. "ಗಾಜು ಉಜ್ಜಿದ ನೀರು."

ಕನ್ನಡಕದಣ್ಣ ಹಸಿರು ಬಟ್ಟಲನ್ನು ಅರ್ಧ ಖಾಲಿ ಮಾಡಿ, "ಅಡುಗೆ ಅಂದ್ರೆ ಇದು. ಗಟ್ಟಿ, ಪರಿಮಳ" ಎಂದ. ಬಿಳಿ ಬಟ್ಟಲಿನದನ್ನು ಒಂದು ಹನಿ ಕುಡಿದು, "ಲಿಫ್ಟಿಗೆ ಹಾಕೋ ಎಣ್ಣೆ" ಎಂದ.

ಅಧಿಕಾರಿ ಫೈಲಿನಲ್ಲಿ ಏನೋ ಬರೆದುಕೊಂಡರು. "ಎರಡೂ ಒಂದೇ ಪಾತ್ರೇದು."

ಅಣ್ಣತಮ್ಮಂದಿರಿಬ್ಬರೂ ಚಮಚ ಕೆಳಗಿಟ್ಟರು.

"ಪಾತ್ರೆ ಒಂದೇ ಇರಬಹುದು ಮೇಡಂ" ಎಂದ ಲಿಫ್ಟಣ್ಣ, ಮುಳುಗುತ್ತಾ. "ಸೌಟು ಬೇರೆ ಇರ್ಬೇಕು."

"ಸೌಟೂ ಒಂದೇ."

ಬಾಗಿಲಲ್ಲಿದ್ದ ಪೋಸ್ಟ್‌ಮ್ಯಾನ್ ಇನ್ನು ತಡೆಯಲಾರದೆ, "ಇದು ಇಡೀ ಕಟ್ಟಡಕ್ಕೆ ಗೊತ್ತಿತ್ತಲ್ಲಪ್ಪ!" ಎಂದ.

ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು. "ಗೋಡೆ ಹಾಕಿದ ದಿನದಿಂದ ಒಂದೇ ಪಾತ್ರೆ ಮೇಡಂ. ಜಗಳ ಆಡಿದ್ದು ಇವರಿಬ್ಬರು. ನನಗೂ ಅವಳಿಗೂ ಏನು ಜಗಳ? ಸಾಮಾನು ಒಟ್ಟಿಗೇ ತರ್ತೀವಿ, ಒಟ್ಟಿಗೇ ಬೇಯಿಸ್ತೀವಿ. ಬಡಿಸುವಾಗ ಮಾತ್ರ ನಾನು ಬಲಕ್ಕೆ ಹೋಗ್ತೀನಿ, ಅವಳು ಎಡಕ್ಕೆ ಹೋಗ್ತಾಳೆ."

ಲಿಫ್ಟಣ್ಣ ಮೆಲ್ಲನೆ ಕುರ್ಚಿಯ ಮೇಲೆ ಕೂತ. ಅವನ ತಲೆಯೊಳಗೆ ಲೆಕ್ಕ ಒಂದೊಂದೇ ಮಹಡಿ ಇಳಿಯುತ್ತಿರುವುದು ಎಲ್ಲರಿಗೂ ಕಾಣಿಸುತ್ತಿತ್ತು. "ಹಾಗಾದ್ರೆ ಈ ನಾಲ್ಕು ತಿಂಗಳು..."

"ದಿಂಬಿನ ಕವರಿನಿಂದ ಬೆಂಕಿಪೊಟ್ಟಣವೂ ಬರಲ್ಲ" ಎಂದಳು ಅವನ ಹೆಂಡತಿ, ಮೃದುವಾಗಿ. "ಭಾವನ ಸಂಬಳದಲ್ಲೇ ನಡೀತಿದೆ."

ಕನ್ನಡಕದಣ್ಣನ ಎದೆ ಎರಡು ಅಂಗುಲ ಹಿಗ್ಗಿತು. ಹನ್ನೊಂದು ವರ್ಷದಿಂದ ಕಾದಿದ್ದ ಗಳಿಗೆ. ಗಂಟಲು ಸರಿಪಡಿಸಿಕೊಂಡ. "ನನ್ನ ಸಂಬಳದಲ್ಲಿ! ಕೇಳಿದ್ರಾ ಎಲ್ಲರೂ? ನಾಲ್ಕು ತಿಂಗಳು ನನ್ನ..."

"ನಿಮ್ಮ ಕಣ್ಣಿಗೆ ಬ್ಯಾಂಡೇಜ್ ಕಟ್ಟಿದ್ದಾಗ ಎಂಟು ತಿಂಗಳು ಒಲೆ ಯಾವುದರಲ್ಲಿ ಉರೀತು?" ಎಂದಳು ಅವನ ಹೆಂಡತಿ.

"ಯಾವುದರಲ್ಲಿ ಅಂದ್ರೆ? ನಮ್ಮ ಉಳಿತಾಯದಲ್ಲಿ. ನೀನೇ ಹೇಳಿದ್ದೆ. ಅದಕ್ಕೇ ಅಲ್ವಾ ನಾನು ಅರ್ಜಿ ವಾಪಸ್ ತಗೊಂಡಿದ್ದು?"

"ನಿಮ್ಮ ಉಳಿತಾಯ ಅಗೋ ಅಲ್ಲಿ ಕೋಟು ಹಾಕ್ಕೊಂಡು ಕೂತಿದೆ ನೋಡಿ."

ಕನ್ನಡಕದಣ್ಣ ನೋಡಿದ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಹಿಗ್ಗಿದ್ದ ಎದೆ ತನ್ನ ಜಾಗಕ್ಕೆ ಮರಳಿತು. ಹುಡುಗಿಯ ಮೂಲಕ ಅಲ್ಲ, ತಮ್ಮನನ್ನು ನೇರವಾಗಿಯೇ ಕೇಳಿದ: "ನಿನಗೆ ಗೊತ್ತಿತ್ತೇನೋ?"

"ಇಲ್ಲ."

"ಗೊತ್ತಿದ್ದಿದ್ರೆ?"

ಲಿಫ್ಟಣ್ಣ ಪ್ರಾಮಾಣಿಕವಾಗಿ ಯೋಚಿಸಿದ. "ಆಗ್ಲೂ ಊಟ ಹಾಕ್ತಿದ್ದೆ. ಆದ್ರೆ ಬೀದಿಗೆಲ್ಲ ಕೇಳಿಸೋ ಹಾಗೆ ಹಾಕ್ತಿದ್ದೆ."

"ನಾನೂ ಅಷ್ಟೇ" ಎಂದ ಅಣ್ಣ.

ಅಧಿಕಾರಿ ಫೈಲಿನಿಂದ ದಪ್ಪಕ್ಷರದ ಹಾಳೆಯನ್ನು ಹೊರಗೆ ತೆಗೆದರು. "ಇದು ಹಾಗೇ ಬಿಡೋಕಾಗಲ್ಲ. ಬೆಂಕಿಕಡ್ಡಿ ಮುಟ್ಟಿಲ್ಲ ಅಂತ ಬರ್ದಿದೀರಿ. ಇದು ನಿಜ ಅಲ್ಲ. ಈಗ ಎರಡೇ ದಾರಿ. ಗೊತ್ತಿದ್ದೂ ಬರೆದಿದ್ರೆ ಅದು ಸುಳ್ಳು, ಅರ್ಜಿ ವಜಾ. ಗೊತ್ತಿಲ್ಲದೆ ಬರೆದಿದ್ರೆ ಅದು ತಪ್ಪು ತಿಳಿವಳಿಕೆ, ತಿದ್ದಬಹುದು." ಮೂರನೇ ಫಾರಂ ಹೊರಗೆ ಬಂತು. "ನನ್ನ ಮನೆಯ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂದು ನನಗೆ ತಿಳಿದಿರಲಿಲ್ಲ ಅಂತ ನಿಮ್ಮ ಕೈಯಾರೆ ಬರ್ದು ಸಹಿ ಮಾಡ್ಬೇಕು."

ಲಿಫ್ಟಣ್ಣನ ಕಿವಿ ಕೆಂಪಾಯಿತು. ಸುಳ್ಳುಗಾರನಾಗಬೇಕು, ಇಲ್ಲವೇ ಬೆಪ್ಪನಾಗಬೇಕು. ಅದೂ ಟೈಲರಮ್ಮನ ಎದುರಿಗೆ. ಸುಳ್ಳುಗಾರನಿಗಾದರೂ ಬೀದಿಯಲ್ಲಿ ಒಂದಿಷ್ಟು ಮರ್ಯಾದೆ ಉಂಟು. ಹನ್ನೊಂದು ವರ್ಷ ಸೂಪು ಕುಡಿದೂ ಪಾತ್ರೆ ತಿಳಿಯದ ಯಜಮಾನನಿಗೆ? ಅವನು ಕೈಯಲ್ಲಿದ್ದ ಪೆನ್ನನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಅವನು ಅದನ್ನು ಈವರೆಗೆ ನೋಡಿರಲಿಲ್ಲ.

ಕೋಟಿನ ಗುಂಡಿಗಳನ್ನು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬರೆಯುತ್ತಲೇ ಗಟ್ಟಿಯಾಗಿ ಓದಿದ: "ನನ್ನ ಮನೆಯ ಅಡುಗೆಮನೆಯಲ್ಲಿ... ಏನು ನಡೆಯುತ್ತದೆ ಎಂದು... ನನಗೆ ಎಳ್ಳಷ್ಟೂ ತಿಳಿದಿರಲಿಲ್ಲ." 'ಎಳ್ಳಷ್ಟೂ' ಎಂಬುದನ್ನು ಅಧಿಕಾರಿ ಕೇಳಿರಲಿಲ್ಲ. ಅದು ಅವನದೇ ಸೇರ್ಪಡೆ. ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಅವನ ಸ್ವಭಾವ.

ಸಹಿ ಹಾಕುವಷ್ಟರಲ್ಲಿ ಒಂದು ಕೈ ಬಂದು ಪೆನ್ನನ್ನು ಕಸಿದುಕೊಂಡಿತು. "ನನ್ನದೂ ಬರ್ಕೊಳ್ಳಿ" ಎಂದ ಕನ್ನಡಕದಣ್ಣ. "ನನಗೂ ಗೊತ್ತಿರ್ಲಿಲ್ಲ. ನಾನು ದೊಡ್ಡವನು, ನನ್ನ ಸಹಿ ಮೇಲೆ ಬರ್ಬೇಕು."

"ಫಾರಂ ನಂದು. ಕೆಳಗೆ ಹಾಕು."

ಅಧಿಕಾರಿ ಫಾರಮ್ಮನ್ನು ಅಡ್ಡಕ್ಕೆ ತಿರುಗಿಸಿ, ಇಬ್ಬರ ಸಹಿಯನ್ನೂ ಅಕ್ಕಪಕ್ಕ ಹಾಕಿಸಿಕೊಂಡರು. ಆಮೇಲೆ ಉಳಿದಿದ್ದ ಸೂಪನ್ನು ತಾವೂ ಒಂದು ಬಟ್ಟಲು ಕುಡಿದು, ಚೆನ್ನಾಗಿದೆ ಎಂದು ಹೇಳಿ, ಮೆಟ್ಟಿಲಿಳಿದು ಹೋದರು.

ಹದಿನೇಳನೇ ದಿನ ಪತ್ರ ಬಂತು. "ಒಟ್ಟಿಗೆ ಕೊಂಡು, ಒಟ್ಟಿಗೆ ಬೇಯಿಸುವವರಾದ ಕಾರಣ ಆರೂ ಜನರನ್ನು ಒಂದೇ ಕುಟುಂಬವೆಂದು ನಿರ್ಧರಿಸಲಾಗಿದೆ. ಒಬ್ಬರ ಸಂಬಳ, ಆರು ಜನ, ನೆರವಿಗೆ ಅರ್ಹರು." ಲಿಫ್ಟಣ್ಣ ಪತ್ರವನ್ನು ಟೈಲರಮ್ಮನಿಗೆ ಒಂದು ಸಲ, ಪೋಸ್ಟ್‌ಮ್ಯಾನ್‌ಗೆ ಎರಡು ಸಲ ಓದಿ ಹೇಳಿದ. "ನಾವು ಹೇಳ್ಕೊಂಡಿದ್ದಲ್ಲ, ಸರ್ಕಾರವೇ ಬಂದು ಕೂತು, ರುಚಿ ನೋಡಿ ತೀರ್ಮಾನ ಮಾಡಿದ ಕುಟುಂಬ ನಮ್ಮದು. ನಿಮ್ಮದನ್ನ ಯಾರಾದ್ರೂ ಹೀಗೆ ನೋಡಿದಾರಾ?" ಯಾರದನ್ನೂ ನೋಡಿರಲಿಲ್ಲ. ಇಬ್ಬರಿಗೂ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸಾಮಾನು ತರಲು ಅಣ್ಣತಮ್ಮ ಇಬ್ಬರೂ ಹೋದರು. ಸಾಲಿನಲ್ಲಿ ನಿಂತವರಲ್ಲಿ ಕೆಲವರು ಪರಿಚಯದವರ ಕಣ್ಣು ತಪ್ಪಿಸುತ್ತಿದ್ದರು. ಇವರಿಬ್ಬರು ಮಾತ್ರ ಸಿಕ್ಕಸಿಕ್ಕವರನ್ನೆಲ್ಲ ಕೂಗಿ ಮಾತಾಡಿಸುತ್ತ, ತುಂಬಿದ ಪೆಟ್ಟಿಗೆಯ ಆಚೆ ತುದಿಯನ್ನು ಒಬ್ಬ, ಈಚೆ ತುದಿಯನ್ನು ಒಬ್ಬ ಹಿಡಿದು, ನಡುಬೀದಿಯಲ್ಲೇ ನಡೆದು ಬಂದರು. ಮೂರು ಮಹಡಿ ಹತ್ತಿ, ಬೆವರೊರೆಸಿಕೊಳ್ಳುತ್ತ ಪೆಟ್ಟಿಗೆಯನ್ನು ಅಮ್ಮನ ಮಂಚದ ಮುಂದೆ ಇಳಿಸಿದರು.

ಅಮ್ಮ ಎದ್ದು ಕೂತಿದ್ದಳು. ಪತ್ರ ಅವಳ ತೊಡೆಯ ಮೇಲಿತ್ತು. "ಕೂತ್ಕೋಬೇಡಿ. ಇದರಲ್ಲಿ ಒಂದು ತಪ್ಪಿದೆ" ಎಂದಳು.

"ಏನಮ್ಮ ತಪ್ಪು?" ಇಬ್ಬರೂ ಗಾಬರಿಯಾದರು.

"ಒಟ್ಟಿಗೆ ಬೇಯಿಸೋರು ಅಂತ ಬರ್ದಿದೆ. ಸೊಸೇರಿಬ್ಬರು ಬೇಯಿಸ್ತಾರೆ. ಹುಡುಗಿ ತರಕಾರಿ ಹೆಚ್ಚಿಕೊಡ್ತಾಳೆ. ನಾನು ಇಲ್ಲಿಂದಾನೇ ಹೇಳಿಕೊಡ್ತೀನಿ. ಅಲ್ಲಿಗೆ ನಾಲ್ಕು. ಇನ್ನಿಬ್ಬರು ಯಾರು? ನಂಗೆ ಕಾಣ್ತಿಲ್ಲ."

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಸರ್ಕಾರ ಕೊಟ್ಟ ಆರರ ಪಟ್ಟವನ್ನು ಹೀಗೆ ನಾಲ್ಕಕ್ಕೆ ಇಳಿಸಿಕೊಳ್ಳಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಲಿಫ್ಟಣ್ಣ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಕನ್ನಡಕದಣ್ಣ ಅಂಗಿಯ ತೋಳು ಮಡಿಸಿದ. ಹೆಂಗಸರು ಕೈಕಟ್ಟಿ ಬಾಗಿಲಲ್ಲಿ ನಿಂತು ನೋಡಿದರು.

ಆಲೂಗಡ್ಡೆ ಸುಲಿಯುವುದರಲ್ಲೇ ಒಂದು ಗಂಟೆ ಹೋಯಿತು. ಗಾಜು ಉಜ್ಜುವ ಕೈ ಸಿಪ್ಪೆಯನ್ನು ಹಾಳೆಯಷ್ಟು ತೆಳ್ಳಗೆ ತೆಗೆಯುತ್ತಿತ್ತು. ಲಿಫ್ಟ್ ನಡೆಸಿದ ಕೈ ಎಲ್ಲ ಹೋಳುಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸುತ್ತಿತ್ತು. ನಿನ್ನದಕ್ಕಿಂತ ನನ್ನದು ಮೇಲು ಎಂದು ಇಬ್ಬರೂ ಕಿತ್ತಾಡುತ್ತಲೇ ಪಾತ್ರೆಯನ್ನು ಒಲೆಗೇರಿಸಿದರು. ಅಣ್ಣ ಉಪ್ಪು ಹಾಕಿದ. ಅವನು ಮರೆತಿದ್ದಾನೆಂದು ತಮ್ಮನೂ ಉಪ್ಪು ಹಾಕಿದ. ತಮ್ಮನಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದು ಅಣ್ಣ ಮತ್ತೊಮ್ಮೆ ಹಾಕಿದ.

ಆ ಸೂಪನ್ನು ಆರೂ ಜನ ಸುತ್ತ ಕೂತು ಕುಡಿದರು. ಉಪ್ಪಿನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನೀರು ಮಾತ್ರ ಎರಡು ಕೊಡ ಖಾಲಿಯಾಯಿತು.